ಸುಂಕದವರ ಮುಂದೆ ಒಂದಿಷ್ಟು ಸುಖದುಃಖ

ಮಾನ್ಯ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರಗಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ನಮ್ಮ ಹಿರಿಯರು ಗಾದೆ ಕಟ್ಟಿಟ್ಟಿದ್ದಾರೆ. ಆದರೂ ಸಣ್ಣ ಕಂಪನಿಯ ಒಂದೇ ಲಾಭಕ್ಕೆ ಎರಡು ಸಲ ಬೀಳುವ ತೆರಿಗೆಯ ಬಗ್ಗೆ ಬರೆಯುತ್ತಿದ್ದೇನೆ. ತಾವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಆ ಲೆಕ್ಕದಲ್ಲಿ ತಾವು ನಮ್ಮ ಪ್ರತಿನಿಧಿ, ಈ ಪತ್ರ ಆ ಪ್ರತಿನಿಧಿಗೆ.

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಫೌಂಡ್ರಿಗಳಿಂದ ಬರುವ ಎರಕದ ಬಿಡಿಭಾಗಗಳನ್ನು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದಲ್ಲಿ ಕಡೆದು ಕೊಡುತ್ತೇವೆ. ಕೆಲಸಗಾರರು ಹದಿನೆಂಟು ಮಂದಿ. ಅಣ್ಣ ಮತ್ತು ನಾನು ಸೇರಿ ಶುರು ಮಾಡಿದ್ದು. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಶೇ 40ರಷ್ಟು ಷೇರು ಈಗ ಅತ್ತಿಗೆಯ ಹೆಸರಿನಲ್ಲಿವೆ. ಖಾಸಗಿ ಕಂಪನಿಗೆ ಇಬ್ಬರಾದರೂ ನಿರ್ದೇಶಕರಿರಬೇಕಾದ್ದರಿಂದ ಅತ್ತಿಗೆಯೂ ನಿರ್ದೇಶಕಿ. ನಮ್ಮ ಆಡಳಿತ ಮಂಡಳಿಯ ಸಭೆ ನಡೆಯುವುದು ಅವರ ಮನೆಯ ಊಟದ ಮೇಜಿನ ಸುತ್ತ.

ಅತ್ತಿಗೆಗೆ ಹಣ ತಲುಪಿಸುವುದು ಹೇಗೆ ಎಂಬಲ್ಲಿಂದಲೇ ನಮ್ಮ ತೊಡಕು ಆರಂಭವಾಗುತ್ತದೆ. ನಾನು ಬೆಳಿಗ್ಗೆ ಏಳಕ್ಕೆ ಶೆಡ್‌ನ ಬಾಗಿಲು ತೆಗೆಯುವವನು, ನನಗೆ ಸಂಬಳವಿದೆ, ಅದು ಕಂಪನಿಗೆ ಖರ್ಚು. ಅತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಬಾರದವರಿಗೆ ಸಂಬಳ ಬರೆದರೆ ಅದು ಸುಳ್ಳು ಲೆಕ್ಕ, ಇಲಾಖೆ ಆ ಖರ್ಚನ್ನು ಒಪ್ಪುವುದೂ ಇಲ್ಲ. ಸಭಾ ಶುಲ್ಕ ಕೊಡಬಹುದು. ಆದರೆ ವರ್ಷಕ್ಕೆ ಎರಡು ಸಭೆಯ ಶುಲ್ಕದಲ್ಲಿ ಮನೆ ನಡೆಯುತ್ತದೆಯೇ? ಉಳಿದ ದಾರಿ ಲಾಭಾಂಶ ಒಂದೇ, ಅಂದರೆ ಕಂಪನಿ ತೆರಿಗೆ ಕಟ್ಟಿ ಉಳಿದ ಲಾಭವನ್ನು ಷೇರುದಾರರಿಗೆ ಹಂಚುವುದು.

ಲಾಭಾಂಶವನ್ನು ಅತ್ತಿಗೆಗೆ ಮಾತ್ರ ಕೊಡಲು ಬರುವುದಿಲ್ಲ, ಷೇರಿನ ಪ್ರಮಾಣದಲ್ಲಿ ನಾನೂ ತೆಗೆದುಕೊಳ್ಳಬೇಕು. ಅವರಿಗೆ 4.8 ಲಕ್ಷ ರೂಪಾಯಿ ಸಿಗಬೇಕಾದರೆ ನನ್ನ ಪಾಲಿಗೆ 7.2 ಲಕ್ಷ ಬರುತ್ತದೆ. ಅವರ 4.8 ಲಕ್ಷದ ಹಿಂದೆ ಕಂಪನಿ ದುಡಿದ ಲಾಭ ಸುಮಾರು 6.41 ಲಕ್ಷ. ಶೇ 22ರ ತೆರಿಗೆ, ಅದರ ಮೇಲೆ ಸರ್ಚಾರ್ಜ್, ಸೆಸ್ ಸೇರಿ ಶೇ 25.17 ಅಲ್ಲಿಯೇ ಹೋಗಿರುತ್ತದೆ. ಅಂದರೆ ಸುಮಾರು 1.61 ಲಕ್ಷ ರೂಪಾಯಿ. ಹನ್ನೆರಡು ಲಕ್ಷದವರೆಗೆ ಆದಾಯವಿರುವವರು ತೆರಿಗೆ ಕಟ್ಟಬೇಕಾಗಿಲ್ಲ ಎಂದು 2025ರ ಬಜೆಟ್‌ನಲ್ಲಿ ತಾವೇ ಹೇಳಿದಿರಿ. ನಮ್ಮ ಅತ್ತಿಗೆ ಆ ಮಿತಿಯ ಅರ್ಧಕ್ಕೂ ಬರುವುದಿಲ್ಲ. ಆದರೆ ಅವರ ಪಾಲಿನ 1.61 ಲಕ್ಷ ಖಜಾನೆ ಸೇರಿಯಾಗಿದೆ, ಅದು ಮರಳಿ ಬರುವ ದಾರಿಯಿಲ್ಲ.

ಇಷ್ಟರ ಮೇಲೆ 48,000 ರೂಪಾಯಿ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಡಿತವಾಗುವ ತೆರಿಗೆ. ಅದನ್ನು ಅವರ ಮೈದುನನಾದ ನಾನೇ ಮುರಿದುಕೊಳ್ಳಬೇಕು. ಮರಳಿ ಪಡೆಯಲು ಅವರು ರಿಟರ್ನ್ ಸಲ್ಲಿಸಬೇಕು. ಸರಳ ನಮೂನೆಗೆ ‘ಸಹಜ್’ ಎಂದು ಹೆಸರಿಟ್ಟಿದ್ದೀರಿ. ಕಂಪನಿಯ ನಿರ್ದೇಶಕರಿಗೂ ಷೇರುಪೇಟೆಯಲ್ಲಿ ಪಟ್ಟಿಯಾಗದ ಷೇರು ಇರುವವರಿಗೂ ಅದನ್ನು ಮುಟ್ಟುವಂತಿಲ್ಲ. ಅತ್ತಿಗೆ ಎರಡೂ ಆಗಿರುವುದರಿಂದ ಅವರ ಪಾಲಿಗೆ ಸಹಜವಾದದ್ದು ಯಾವುದೂ ಇಲ್ಲ.

ಇನ್ನು ನನ್ನ ಕಡೆಯ ಲೆಕ್ಕ. ನೂರು ರೂಪಾಯಿ ಲಾಭದಲ್ಲಿ ಕಂಪನಿ ತೆರಿಗೆ ಕಳೆದು ಉಳಿಯುವುದು 74.83. ಶೇ 20ರ ಹಂತದಲ್ಲಿರುವ ನಿರ್ದೇಶಕ ಅದರ ಮೇಲೆ ಸೆಸ್ ಸಹಿತ 15.56 ಕಟ್ಟುತ್ತಾನೆ. ಒಟ್ಟು 40.73. ಶೇ 30ರ ಹಂತಕ್ಕೆ ಏರಿದವನಿಗೆ ಒಟ್ಟು 48.5. ನಮ್ಮ ಪಕ್ಕದ ಶೆಡ್‌ನವರದು ಎಲ್‌ಎಲ್‌ಪಿ. ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ. ಅದೇ ಯಂತ್ರ, ಅದೇ ಗಿರಾಕಿಗಳು, ಮಧ್ಯಾಹ್ನ ಚಹಾ ತರುವ ಹುಡುಗನೂ ಒಬ್ಬನೇ. ಲಾಭ ಒಂದು ಕೋಟಿಯೊಳಗಿದ್ದರೆ ಅವರ ಸಂಸ್ಥೆ ಕಟ್ಟುವುದು ನೂರಕ್ಕೆ 31.20, ಪಾಲುದಾರರ ಕೈಗೆ ಬಂದ ಲಾಭಕ್ಕೆ ಮತ್ತೆ ತೆರಿಗೆಯಿಲ್ಲ.

ನೀವೂ ಎಲ್‌ಎಲ್‌ಪಿ ಆಗಿ ಎನ್ನುವವರಿದ್ದಾರೆ. ಆಸ್ತಿ ಹಸ್ತಾಂತರದ ತೆರಿಗೆ ಬೀಳದಂತೆ ಕಂಪನಿಯನ್ನು ಹಾಗೆ ಬದಲಾಯಿಸಬೇಕಾದರೆ ಹಿಂದಿನ ಮೂರು ವರ್ಷಗಳಲ್ಲಿ ಯಾವ ವರ್ಷವೂ ವಹಿವಾಟು 60 ಲಕ್ಷ ದಾಟಿರಬಾರದು. ಹದಿನೆಂಟು ಜನರಿಗೆ ಸಂಬಳ ಕೊಡುವ ಯಾವ ಶೆಡ್ಡು 60 ಲಕ್ಷದೊಳಗೆ ಇರುತ್ತದೆ?

ಹಾಗಾದರೆ ಲಾಭವನ್ನೆಲ್ಲ ಸಂಬಳವಾಗಿ ತೆಗೆದುಬಿಡು ಎನ್ನುವುದು ಇನ್ನೊಂದು ಸಲಹೆ. ಸಂಬಳವನ್ನು ಏಪ್ರಿಲ್‌ನಲ್ಲಿ ನಾವು ನಿಗದಿ ಮಾಡುತ್ತೇವೆ, ಲಾಭ ಎಷ್ಟೆಂದು ತಿಳಿಯುವುದು ಮಾರ್ಚ್‌ನಲ್ಲಿ. ಅದೂ ಗಿರಾಕಿಗಳು ಬಿಲ್ಲು ತೀರಿಸಿದರೆ. ಮೇಲಾಗಿ, ಪುಸ್ತಕದಲ್ಲಿ ಲಾಭ ಕಾಣದಿದ್ದರೆ ಬ್ಯಾಂಕಿನವರು ದಿನನಿತ್ಯದ ವ್ಯವಹಾರಕ್ಕೆ ಕೊಡುವ ಸಿಸಿ ಸಾಲದ ಮಿತಿ ನವೀಕರಿಸುವಾಗ ಮುಖ ಸಿಂಡರಿಸುತ್ತಾರೆ. ಬ್ಯಾಂಕಿಗೆ ಲಾಭ ತೋರಿಸಬೇಕು, ತೆರಿಗೆಗೆ ಲಾಭ ಕರಗಿಸಬೇಕು. ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿರುವುದು ನಮಗೀಗ ರೂಢಿಯಾಗಿದೆ.

ಮೂರನೆಯ ದಾರಿಯೊಂದನ್ನು ತಿಳಿಯದೆ ತುಳಿದೆ, ಅದನ್ನೂ ಹೇಳಿಬಿಡುತ್ತೇನೆ. ತಂದೆಯ ಹೃದಯದ ಶಸ್ತ್ರಚಿಕಿತ್ಸೆಗೆ ಕಂಪನಿಯಿಂದ ಆರು ಲಕ್ಷ ಸಾಲ ತೆಗೆದುಕೊಂಡು ಮೂರು ತಿಂಗಳಲ್ಲಿ ಬಡ್ಡಿ ಸಮೇತ ಹಿಂದಿರುಗಿಸಿದೆ. ನಿರ್ದೇಶಕರಿಗೆ ಸಾಲ ಕೊಡುವ ವಿಷಯದಲ್ಲಿ ಕಂಪನಿ ಕಾಯ್ದೆ ಖಾಸಗಿ ಕಂಪನಿಗಳಿಗೆ ಕೊಟ್ಟ ವಿನಾಯಿತಿಯ ಒಳಗೇ ನಾವಿದ್ದೆವು. ಆದರೂ ಎರಡು ವರ್ಷದ ನಂತರ ನೋಟಿಸು ಬಂತು. ಶೇ 10ಕ್ಕೆ ಕಡಿಮೆಯಿಲ್ಲದ ಮತಾಧಿಕಾರವಿರುವ ಷೇರುದಾರನಿಗೆ ಇಂಥ ಕಂಪನಿ ಕೊಟ್ಟ ಸಾಲ, ಅದರಲ್ಲಿ ಕೂಡಿಟ್ಟ ಲಾಭವಿರುವಷ್ಟರ ಮಟ್ಟಿಗೆ, ಲಾಭಾಂಶವೆಂದೇ ಪರಿಗಣಿತವಂತೆ. 1961ರ ಆದಾಯ ತೆರಿಗೆ ಕಾಯ್ದೆಯ 2(22)(ಇ) ಕಲಂ. ಹಿಂದಿರುಗಿಸಿದ್ದು ಲೆಕ್ಕಕ್ಕಿಲ್ಲ. ಲಾಭವನ್ನು ಸಾಲದ ಹೆಸರಿನಲ್ಲಿ ಹೊರಸಾಗಿಸುವವರನ್ನು ಹಿಡಿಯಲು ಹೆಣೆದ ಬಲೆ ಅದು, ಬಲೆ ಬೇಕು ಎಂದು ನಾನೂ ಒಪ್ಪುತ್ತೇನೆ. ಅದೇ ವರ್ಷ ತೀರಿಸಿದ ಸಾಲವನ್ನು ಬಿಟ್ಟುಬಿಡುವಷ್ಟು ಕಣ್ಣನ್ನು ಆ ಬಲೆಗೆ ಇಡಬಹುದಿತ್ತು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿತು. ಭಾಷೆ ಸರಳವಾಯಿತು, ಬಲೆ ಮಾತ್ರ ಹಾಗೆಯೇ ದಾಟಿಬಂತು.

2020ರಲ್ಲಿ ತಾವು, ಲಾಭಾಂಶ ಹಂಚುವ ಕಂಪನಿಯೇ ಕಟ್ಟಬೇಕಿದ್ದ ಲಾಭಾಂಶ ವಿತರಣಾ ತೆರಿಗೆಯನ್ನು ತೆಗೆದುಹಾಕಿದ್ದು ಒಳ್ಳೆಯ ಕೆಲಸ. ಶ್ರೀಮಂತನಿಗೂ ಅತ್ತಿಗೆಯಂಥವರಿಗೂ ಒಂದೇ ಶೇ 20.56ರ ಹೊರೆ ಬೀಳುತ್ತಿದ್ದುದು ನಿಂತಿತು. ಅದೇ ವರ್ಷ ಕಂಪನಿಯೊಂದು ಇನ್ನೊಂದು ಕಂಪನಿಯಿಂದ ಪಡೆದ ಲಾಭಾಂಶವನ್ನು ತನ್ನ ಷೇರುದಾರರಿಗೆ ಹಂಚಿದರೆ ಅದಕ್ಕೆ ಕಡಿತ ಕೊಡುವ 80ಎಂ ಕಲಂ ತಂದಿರಿ. ಒಂದೇ ಲಾಭಾಂಶದ ಮೇಲೆ ಕಂಪನಿಯಿಂದ ಕಂಪನಿಗೆ ತೆರಿಗೆ ಮೇಲೆ ತೆರಿಗೆ ಬೀಳಬಾರದು ಎಂಬುದನ್ನು ಸರ್ಕಾರವೇ ಒಪ್ಪಿದಂತಾಯಿತಲ್ಲ! ಆ ನ್ಯಾಯ ಕಂಪನಿಗಳ ನಡುವೆ ಓಡಾಡುತ್ತದೆ, ಮನುಷ್ಯರ ಮನೆ ಬಾಗಿಲಿಗೆ ಬಂದಾಗ ನಿಂತುಬಿಡುತ್ತದೆ.

ನಾನು ಕೇಳುತ್ತಿರುವುದು ಹೊಸದೇನಲ್ಲ. 1922ರ ಆದಾಯ ತೆರಿಗೆ ಕಾಯ್ದೆಯ ಕಾಲದಲ್ಲಿ ಕಂಪನಿ ಕಟ್ಟಿದ ತೆರಿಗೆಯನ್ನು ಷೇರುದಾರನ ಖಾತೆಗೂ ಜಮೆ ಹಿಡಿಯುತ್ತಿದ್ದರು. 1959ರ ಹಣಕಾಸು ಕಾಯ್ದೆ ಅದನ್ನು ಕಿತ್ತುಹಾಕಿತು. ಆಸ್ಟ್ರೇಲಿಯಾದಲ್ಲಿ 1987ರಿಂದ ಅಂಥದೇ ಪದ್ಧತಿಯಿದೆ. ದೊಡ್ಡ ಕಂಪನಿಗಳಿಗೆ ಬೇಡ, ಖಜಾನೆಗೆ ಭಾರವಾದೀತು. ಕಂಪನಿ ಕಾಯ್ದೆಯಲ್ಲಿ ‘ಸಣ್ಣ ಕಂಪನಿ’ ಎಂಬ ವ್ಯಾಖ್ಯೆ ಈಗಾಗಲೇ ಇದೆ, ಅಷ್ಟಕ್ಕೆ ಸಾಕು. ಕಂಪನಿ ಕಟ್ಟಿದ ತೆರಿಗೆಯನ್ನು ಲಾಭಾಂಶ ಪಡೆದವರ ತೆರಿಗೆಯಲ್ಲಿ ವಜಾ ಮಾಡಿ, ಹೆಚ್ಚಾದದ್ದನ್ನು ಮರಳಿಸಿ. ಲಾಭವನ್ನು ಕಂಪನಿಯಲ್ಲೇ ಬಿಟ್ಟು ಯಂತ್ರ ಕೊಳ್ಳಬಹುದಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಕೊಂಡಿದ್ದೇವೆ, ಕಳೆದ ವರ್ಷವೂ ಒಂದು. ಅತ್ತಿಗೆಯ ಮಗಳ ಕಾಲೇಜಿನ ಶುಲ್ಕವನ್ನು ಯಂತ್ರ ಕಟ್ಟುವುದಿಲ್ಲ.

ಮುಂದಿನ ವಾರ ಅದೇ ಊಟದ ಮೇಜಿನ ಸುತ್ತ ನಮ್ಮ ಸಭೆಯಿದೆ. ಈ ವರ್ಷ ಎಷ್ಟು ಲಾಭಾಂಶ ಎಂದು ಅತ್ತಿಗೆ ಕೇಳುತ್ತಾರೆ. ಎಂದಿನಂತೆ ಎರಡು ಅಂಕಿಗಳನ್ನು ಬರೆದುಕೊಂಡು ಹೋಗುತ್ತೇನೆ: ಘೋಷಿಸುವುದು ಒಂದು, ಅವರ ಕೈಗೆ ಬರುವುದು ಇನ್ನೊಂದು.

ಇಂತಿ ತಮ್ಮ ವಿಶ್ವಾಸಿ,
ಸಣ್ಣ ಕಂಪನಿಯೊಂದರ ನಿರ್ದೇಶಕ
ಉದ್ಯಮಬಾಗ, ಬೆಳಗಾವಿ