ಕಸದ ಡಬ್ಬಿಗೆ ಹೋದ ಮೊಗೆ ಬೀಜ ಮತ್ತು ಕೆಲವು ಋಣಗಳು

ಮುಂದಿನ ವಾರ ನಾವು ಆಸ್ಟ್ರೇಲಿಯದ ದಕ್ಷಿಣದ ದ್ವೀಪ ಟಾಸ್ಮೇನಿಯಕ್ಕೆ ಮರಳುತ್ತೇವೆ. ಅಲ್ಲಿ ಈಗ ಕಡುಚಳಿ, ತೋಟ ಮಲಗಿದೆ. ಹಾಗಾಗಿಯೇ ಐದು ವಾರ ಅಪ್ಪನ ಮನೆಯ ಜಗುಲಿಯಲ್ಲಿ ಕುಳಿತು ಶಿರಸಿ ಸೀಮೆಯ ಮಳೆ ನೋಡುವುದಕ್ಕೆ ಸಿಕ್ಕಿತು. ಆರಿದ್ರಾ ಮಳೆ ಹಗಲು ರಾತ್ರಿ ಒಂದೇ ಸಮನೆ ಸುರಿಯುತ್ತಿದೆ. ಅಪ್ಪ ದಿನಕ್ಕೆ ಹತ್ತು ಸಲ ಆಕಾಶ ನೋಡಿ, ಅಡಿಕೆಯ ಕೊಳೆರೋಗದ ಔಷಧದ ಎರಡನೆಯ ಸುತ್ತಿಗೆ ಮರ ಹತ್ತುವ ಕೊನೆಗಾರ ಯಾವಾಗ ಬರುತ್ತಾನೋ ಎಂದು ಗೊಣಗುತ್ತಾರೆ. ಕರೆಂಟು ಹೋಗಿ ಬಂದು ಮಾಡುವ ನಡುವೆಯೇ ಈ ಬರಹವನ್ನು ಮುಗಿಸಬೇಕು.

ಹೋಬಾರ್ಟಿನಿಂದ ದಕ್ಷಿಣಕ್ಕೆ, ಹ್ಯೂವಾನ್ ಕಣಿವೆಯಲ್ಲಿ ಎರಡೂವರೆ ಎಕರೆ ಹಾಳುಬಿದ್ದ ಸೇಬಿನ ತೋಟ ಹಿಡಿದು ನಮಗೆ ಮೂರು ವರ್ಷ ತುಂಬಿತು. ಹೋದ ಡಿಸೆಂಬರಿನಲ್ಲಿ, ಅಂದರೆ ಅಲ್ಲಿಯ ಬೇಸಿಗೆಯಲ್ಲಿ, ಮೊದಲ ಬಾರಿಗೆ ಎರಡು ತಿಂಗಳು ಅಂಗಡಿಯಿಂದ ತರಕಾರಿ ತರಲಿಲ್ಲ. ಮಿಕ್ಕ ಬೆಳ್ಳುಳ್ಳಿಯನ್ನು ಹೆಣೆದು ಸಂತೆಯಲ್ಲಿ ಮಾರಿದೆವು. ಬಂದ ದುಡ್ಡು ಬೇಲಿಯ ತಂತಿಗೂ ಸಾಲದು. ಆದರೂ ಆ ದಿನ ಮನೆಗೆ ಬಂದು ನಾನು ಅತ್ತಿದ್ದು ನಿಜ. ಅತ್ತಿದ್ದಕ್ಕೆ ಕಾರಣರಾದವರ ಪಟ್ಟಿ ಉದ್ದವಿದೆ. ಬಾಯಿಬಿಟ್ಟು ಹೇಳದೆ ಈ ಸಲ ವಿಮಾನ ಹತ್ತಬಾರದು ಎಂದುಕೊಂಡಿದ್ದೇನೆ.

ಮೊದಲು ಅಮ್ಮ. ನಾನು ಹೊರಟಾಗ ಅಮ್ಮ ಹಳೆಯ ಸೀರೆಯ ತುಂಡಿನಲ್ಲಿ ಒಂದು ಗಂಟು ಕಟ್ಟಿಕೊಟ್ಟಿದ್ದಳು. ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತಿ ಒಣಗಿಸಿದ ಮೊಗೆ ಬೀಜ, ಹೀರೆ, ಕೆಂಪು ಹರಿವೆ, ಸೂಜಿಮೆಣಸು. ಆಸ್ಟ್ರೇಲಿಯಕ್ಕೆ ಬೀಜ, ಮಣ್ಣು ಯಾವುದನ್ನೂ ಹಾಗೆಲ್ಲ ಒಯ್ಯುವಂತಿಲ್ಲ ಎಂದು ಗೊತ್ತಿದ್ದೂ ಅಮ್ಮನಿಗೆ ಬೇಡ ಎನ್ನಲಾಗಲಿಲ್ಲ. ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ 'ಇದೆ' ಎಂದು ಗುರುತು ಹಾಕಿದೆ. ಮೇಜಿನಾಚೆಗಿದ್ದ ಹುಡುಗಿ ಗಂಟು ಬಿಚ್ಚಿದಳು, ಬೂದಿ ಅವಳ ಕೈಗವಸಿಗೆ ಹತ್ತಿತು. ಬಹಳ ಮೆತ್ತಗೆ 'ಕ್ಷಮಿಸಿ' ಎಂದಳು, ಹಳದಿ ಡಬ್ಬಿಗೆ ಹಾಕಿದಳು. ಸೀರೆಯ ತುಂಡನ್ನೂ ಬಿಡಲಿಲ್ಲ. ಅವಳದೇನೂ ತಪ್ಪಿಲ್ಲ. ಹೊರಗಿನಿಂದ ಬಂದ ಒಂದು ರೋಗ, ಒಂದು ಕಳೆ ಒಂದು ದ್ವೀಪವನ್ನು ಏನು ಮಾಡಬಲ್ಲದು ಎಂಬುದು ಅವರಿಗೆ ಗೊತ್ತು.

ಅದರ ಮಾರನೆಯ ವಾರ ಮನೆಯ ಹಿಂದಿನ ಗುಡ್ಡ ಹತ್ತಿದಾಗ ಪರಿಚಯದ ವಾಸನೆಯೊಂದು ಮೂಗಿಗೆ ಬಡಿಯಿತು. ನೀಲಗಿರಿ! ಪಕ್ಕದಲ್ಲಿ ಅಕೇಶಿಯಾದ ಬಳಗ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಹಿಡಿದು ನಿಂತಿರುವ ಈ ಎರಡೂ ಮರಗಳ ತವರು ಆಸ್ಟ್ರೇಲಿಯವೇ. ನನ್ನಮ್ಮನ ಮುಷ್ಟಿ ಮೊಗೆ ಬೀಜಕ್ಕೆ ಸಿಗದ ವೀಸಾ ಇವುಗಳಿಗೆ ಅಂದು ಅದೆಷ್ಟು ಸಲೀಸಾಗಿ ಸಿಕ್ಕಿತ್ತು ಎಂದು ಒಬ್ಬಳೇ ನಕ್ಕೆ.

ಎರಡನೆಯ ಋಣ ಪಕ್ಕದ ಮನೆಯ ಅಜ್ಜನದು. ಎಂಬತ್ತು ದಾಟಿದ ಸೇಬಿನ ಬೆಳೆಗಾರ. ಮೊದಲ ವರ್ಷ ನಾನು ಮನೆಯ ತೆಂಕು ಬದಿಗೆ ಸಾಲು ಮಾಡಿ ಟೊಮೆಟೊ, ಕುಂಬಳ ನೆಟ್ಟೆ. ಹುಟ್ಟಿದಾಗಿನಿಂದ ಚಳಿಗಾಲದ ಬಿಸಿಲು ತೆಂಕಿನಿಂದ ಬರುವುದನ್ನೇ ನೋಡಿದವಳು ನಾನು. ತೆಂಕು-ಪಡುವಣದ ಬಿಸಿಲಿಗೆ ಅಡಿಕೆ ಮರದ ಕಾಂಡ ಸುಡದಂತೆ ಹಾಳೆ ಕಟ್ಟುವ ಊರಿನವಳು. ಸಮಭಾಜಕದ ಆಚೆ ಸೂರ್ಯ ಬಡಗು ಬದಿಯಲ್ಲಿ ನಡೆಯುತ್ತಾನೆ ಎಂಬುದು ಪುಸ್ತಕದ ಮಾತಾಗಿ ಗೊತ್ತಿತ್ತು, ಕೈಕಾಲಿಗೆ ಗೊತ್ತಿರಲಿಲ್ಲ. ಗಿಡಗಳು ಇಡೀ ದಿನ ಮನೆಯ ನೆರಳಿನಲ್ಲಿ ಬಿಳಚಿಕೊಂಡು ನಿಂತವು. ಉಳಿದವನ್ನು ಒಂದು ಮುಂಜಾನೆ ಹೆಪ್ಪುಗಟ್ಟಿದ ಇಬ್ಬನಿ ಮುಗಿಸಿತು. ಎಲೆಯ ಮೇಲೆ ಗಾಜಿನ ಪುಡಿ ಚೆಲ್ಲಿದಂತೆ ಚಂದ ಕಾಣುತ್ತಿತ್ತು. ಬಿಸಿಲು ಬಂದ ಒಂದು ತಾಸಿಗೆ ಎಲ್ಲ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿತ್ತು.

ಅಜ್ಜ ಬೇಲಿಯಾಚೆಯಿಂದ ನೋಡಿದರು, ಒಂದು ಮಾತೂ ಆಡದೆ ಒಳಗೆ ಹೋದರು, ಕಿಸೆಗೆ ಹಿಡಿಯುವ ಒಂದು ಡೈರಿ ತಂದರು. ಪ್ರತಿ ವರ್ಷದ ಕೊನೆಯ ಫ್ರಾಸ್ಟ್ ಯಾವ ತಾರೀಖಿಗೆ ಬಿತ್ತು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟ ಲೆಕ್ಕ. ಬಗ್ಗೋಣ ಪಂಚಾಂಗ ನೋಡಿ ಮೃಗಶಿರಕ್ಕೆ ಬೀಜ ಹಾಕಿ ಬೆಳೆದವಳಿಗೆ ಆ ಡೈರಿ ಹೊಸ ಪಂಚಾಂಗವಾಯಿತು. ಈಗ ನಾನೂ ಬರೆಯುತ್ತಿದ್ದೇನೆ.

ಅದೇ ಅಜ್ಜ ಒಮ್ಮೆ ಬೈದರು ಕೂಡ. ನಾನು ಊರಿನ ಅಭ್ಯಾಸದಲ್ಲಿ ಒಣ ಎಲೆ ಗುಡಿಸಿ ತಂದು ಮನೆಯ ಗೋಡೆಗೆ ತಾಗಿ ಆಳೆತ್ತರ ದರಕಿನ ರಾಶಿ ಹಾಕಿದ್ದೆ. ನಮ್ಮಲ್ಲಿ ದರಕಿನ ರಾಶಿ ಎಂದರೆ ಶ್ರೀಮಂತಿಕೆ. ಅಲ್ಲಿ ಎಣ್ಣೆಯಂಶ ತುಂಬಿದ ನೀಲಗಿರಿ ಎಲೆ ಬೇಸಿಗೆಯ ಕಾಳ್ಗಿಚ್ಚಿಗೆ ಇಟ್ಟ ಬತ್ತಿ. 'ನಾಳೆಯೊಳಗೆ ತೆಗೆ' ಎಂದರು. ನಾನು ಹೊರಡುವ ಮೊದಲೇ ಕೈಗಾಡಿ ಹಿಡಿದು ಅವರೇ ಬಂದು ನಿಂತಿದ್ದರು.

ಅವರ ಕಥೆಯನ್ನೂ ಒಂದಿಷ್ಟು ಹೇಳಬೇಕು. ಬ್ರಿಟನ್ 1973ರಲ್ಲಿ ಯುರೋಪಿನ ಮಾರುಕಟ್ಟೆ ಕೂಟ ಸೇರಿದ ಮೇಲೆ ಟಾಸ್ಮೇನಿಯದ ಸೇಬು ಕೇಳುವವರು ಕಡಿಮೆಯಾದರು. ಮರ ಕಿತ್ತರೆ ಇಂತಿಷ್ಟು ಎಂದು ಸರಕಾರವೇ ಹಣ ಕೊಟ್ಟಿತು. ತಾನು ನೆಟ್ಟ ಮರಗಳನ್ನು ತಾನೇ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದದ್ದನ್ನು ಅಜ್ಜ ಹೇಳಿದ ರಾತ್ರಿ ಅಪ್ಪನಿಗೆ ಫೋನು ಮಾಡಿದೆ. ಅಡಿಕೆ ದರ ಬಿದ್ದಿದ್ದ ವಾರ ಅದು. ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ.

ಇನ್ನು ಪರ್ಮಾಕಲ್ಚರ್, ಅಂದರೆ ಕಾಡಿನ ರೀತಿ ನೋಡಿ ತೋಟ ಕಟ್ಟುವ ಕ್ರಮ. ಆ ಪದ ಹುಟ್ಟಿದ್ದೇ ಟಾಸ್ಮೇನಿಯದಲ್ಲಿ. ಬಿಲ್ ಮೊಲ್ಲಿಸನ್ ಮತ್ತು ಅವರಿಗಿಂತ ಬಹಳ ಚಿಕ್ಕವರಾದ ಡೇವಿಡ್ ಹೋಮ್‌ಗ್ರೆನ್ ಸೇರಿ 1978ರಲ್ಲಿ ಅದರ ಮೊದಲ ಪುಸ್ತಕ ತಂದರು. ನಾನು ಎರಡನೆಯ ವರ್ಷ 72 ತಾಸುಗಳ ಕೋರ್ಸಿಗೆ ಸೇರಿದೆ. ಮೇಷ್ಟ್ರು ಹಲಗೆಯ ಮೇಲೆ ಒಂದರ ಸುತ್ತ ಒಂದು ವೃತ್ತ ಬರೆದರು. ನಡುವೆ ಮನೆ, ಆಮೇಲೆ ದಿನವೂ ಕೈಯಾಡಿಸುವ ಜಾಗ, ಕೊನೆಗೆ ಮುಟ್ಟದೆ ಬಿಡುವ ಕಾಡು. ನಾನು ಪಟ್ಟಿಯಲ್ಲಿ ಬರೆದುಕೊಂಡೆ: ಮನೆ, ಹಿತ್ತಿಲು, ತೋಟ, ಬೆಟ್ಟ, ಕಾನು. ಎತ್ತರದ ಮರ, ಅದರಡಿ ಇನ್ನೊಂದು, ಹಬ್ಬುವ ಬಳ್ಳಿ ಎಂದರು. ಅಡಿಕೆ, ಬಾಳೆ, ಯಾಲಕ್ಕಿ, ಮೆಣಸಿನ ಬಳ್ಳಿ ಕಣ್ಣ ಮುಂದೆ ಬಂದವು. ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಇದಕ್ಕೆ ಎಷ್ಟು ಫೀಸು ಕೊಟ್ಟೆ?'

ಆದರೆ 'ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು' ಎಂದು ಬೀಗುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಮೇಷ್ಟ್ರು ನಮ್ಮ ತೋಟಕ್ಕೆ ಸೊಪ್ಪು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಬ್ರಿಟಿಷರ ಕಾಲದಿಂದ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟದವರು ಸೊಪ್ಪು ಕಡಿದು ತರುವ ಕಾಡು, ಇದೆ ಎಂದೆ. 'ಆ ಬೆಟ್ಟ ಈಗ ಹೇಗಿದೆ?' ಎಂದರು. ನಮ್ಮ ಬೆಟ್ಟದಲ್ಲಿ ಸವರಿ ಸವರಿ ಮರಗಳು ಕಂಬಗಳಾಗಿವೆ ಎಂದು ಹೇಳಬೇಕಾಯಿತು. ಮಾನ ಉಳಿಸಿಕೊಳ್ಳಲು 1983ರಲ್ಲಿ ನಮ್ಮದೇ ತಾಲ್ಲೂಕಿನ ಸಾಲ್ಕಣಿಯ ಜನ ಮರ ಅಪ್ಪಿ ನಿಂತ ಅಪ್ಪಿಕೋ ಚಳವಳಿಯ ಕಥೆ ಹೇಳಿದೆ. ಅವರು ತಲೆದೂಗಿ, ಮುಚ್ಚಿಗೆಗೆ ಬೇಕಾದ ಸೊಪ್ಪನ್ನು ತೋಟದ ಅಂಚಿನಲ್ಲೇ ಬೆಳೆಯಬಹುದಲ್ಲ ಎಂದರು. ಈ ಸಲ ಬಂದಾಗ ನೋಡಿದರೆ ಅಪ್ಪ ಬೇಲಿಯುದ್ದಕ್ಕೂ ಹಸಿರು ಸೊಪ್ಪು ಕೊಡುವ ಗ್ಲಿರಿಸಿಡಿಯಾದ ಗೂಟ ಊರಿದ್ದಾರೆ. ಆ ಮೇಷ್ಟ್ರಿಗೆ ಇದಕ್ಕಾಗಿ ಅಪ್ಪನ ಪರವಾಗಿಯೂ ನಮಸ್ಕಾರ. ಅಪ್ಪ ತಾವಾಗಿ ಹೇಳುವವರಲ್ಲ.

ಊರ ಬೀಜ ಉಳಿಸುವ ಹೆಂಗಸರ ಸಂಘವಾದ ಶಿರಸಿಯ ವನಸ್ತ್ರೀ ಬಳಗದ ಮಲೆನಾಡು ಮೇಳದಲ್ಲಿ ಬೀಜ ಹರಡಿಕೊಂಡು ಕೂರುತ್ತಿದ್ದ ಹೆಂಗಸರಿಗೆ ಕೈಮುಗಿಯುತ್ತೇನೆ. ಬೀಜ ಕೊಳ್ಳುವ ವಸ್ತುವಲ್ಲ, ಕೊಟ್ಟು ತೆಗೆದುಕೊಳ್ಳುವಂಥದ್ದು ಎಂದು ನಾನು ಕಂಡದ್ದು ಅಲ್ಲಿ. ಆ ಧೈರ್ಯದಲ್ಲೇ ಹೊಸ ಊರಿನಲ್ಲಿ ಮನೆ ಮನೆಯ ಬಾಗಿಲು ತಟ್ಟಿ ಬೆಳ್ಳುಳ್ಳಿ ಎಸಳು, ಬಟಾಣಿ ಕೇಳಿದೆ. ಯಾರೂ ಇಲ್ಲ ಎನ್ನಲಿಲ್ಲ. ಬದಲಿಗೆ ಅವರಿಗೆ ನಸ್ಟರ್ಷಿಯಂ ಎಲೆಯ ತಂಬುಳಿ ಮಾಡಿ ಕೊಟ್ಟೆ. ಒಬ್ಬರು ಅದನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದರು, ನಾನು ಕಣ್ಣು ಮುಚ್ಚಿಕೊಂಡೆ.

ಒಂಬತ್ತೇ ತಾಸಿಗೆ ಹಗಲು ಮುಗಿದುಹೋಗುವ ಆ ಮೊದಲ ಜೂನಿನಲ್ಲಿ ದಿನಾ ಫೋನು ಮಾಡಿ ಏನೂ ವಿಶೇಷವಿಲ್ಲದ ಊರಿನ ಸುದ್ದಿ ಹೇಳಿದ ಅತ್ತಿಗೆಗೆ, ರಾತ್ರಿ ಪಾಳಿ ಮುಗಿಸಿ ಬಂದು ಪುಟ್ಟ ಕಾಂಗರೂಗಳಂಥ ವಾಲಬಿಗಳು ನುಗ್ಗದಂತೆ ಬೇಲಿ ಬಿಗಿದ ಗಂಡನಿಗೆ, ಏನು ಹೇಳಿದರೂ ಕಡಿಮೆಯೇ.

ನಿನ್ನೆ ಅಮ್ಮ ಮತ್ತೆ ಬೀಜದ ಡಬ್ಬಿ ತೆಗೆದಳು, ನನ್ನ ಮುಖ ನೋಡಿ ಮತ್ತೆ ಮುಚ್ಚಿಟ್ಟಳು. ಈ ಸಲ ಒಯ್ಯುವುದು ಒಂದು ಸೊಪ್ಪಿನ ಕತ್ತಿ. ಮರದ ಹಿಡಿ ತೆಗೆಸಿದ್ದೇನೆ. ಅಜ್ಜ ಅಲ್ಲಿ ಹಿಡಿಗೆಂದು ಕಟ್ಟಿಗೆ ಕೆತ್ತಿ ಒಣಗಲು ಇಟ್ಟಿದ್ದಾರಂತೆ. ಕಬ್ಬಿಣದಲ್ಲಿ ಒಂದು ಕಣ ಮಣ್ಣೂ ಇರಬಾರದು ಎಂದು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಈಗ ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಹಿಡಿಯ ತೂತಿಗೆ ತೆಂಗಿನ ನಾರು ತುರುಕಿ, ಮೂರನೆಯ ಸಲ ಉಜ್ಜುತ್ತಿದ್ದಾರೆ. ಅವರ ಎರಡೂ ಕಾಲು ಮೊಣಕಾಲಿನವರೆಗೆ ಕೆಸರಾಗಿದೆ.