ಗೋಡೆ ಮೇಲೆ ಹಸಿರು ಲೈಟು, ಗೀಸರ್ ಒಳಗೆ ಬಿಳಿ ಚಕ್ಕೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್ ಬಿಡಿಸಿದ್ರೆ ಒಳಗಿಂದ ಬಣ್ಣದ ಪಾಂಪ್ಲೆಟ್ ಒಂದು ಜಾರಿ ಬಿತ್ತು, ಉಪ್ಪು ಬೇಡ, ಸರ್ವಿಸ್ ಬೇಡ, ಪೈಪಿಗೆ ವೈರ್ ಸುತ್ತಿದ್ರೆ ಸಾಕು ಎಂಥಾ ಬೋರ್ ನೀರೂ ಸಾಫ್ಟ್ ಆಗುತ್ತೆ ಅಂತ. ಅದನ್ನ ಒಳಗೆ ಸೇರಿಸಿದ್ದು ನಮ್ಮ ಏರಿಯಾ ಏಜೆಂಟ್ ಇರ್ಬೋದು, ನಿಮ್ಗೆ ಗೊತ್ತೂ ಇರಲ್ಲ. ಆದ್ರೂ ನಿಮಗೇ ಬರೀತಿದ್ದೀನಿ, ಯಾಕಂದ್ರೆ ಪೈಪಿನ ವೈರಿಗೆ ಕರೆಂಟ್ ಕೊಡೋ ಅಂಥದ್ದೇ ಡಬ್ಬ ಒಂದು ನಮ್ಮನೆ ಗೋಡೆ ಮೇಲೆ ಎರಡು ವರ್ಷದಿಂದ ಹಸಿರು ಲೈಟ್ ಹಾಕ್ಕೊಂಡು ಕೂತಿದೆ, ಅದರ ಕಥೆ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ.

ನಾವಿರೋದು ತುಮಕೂರಿನ ಹೊಸ ಬಡಾವಣೆಯಲ್ಲಿ. ಇಲ್ಲಿ ಒಂದೇ ಸಂಪಿಗೆ ಎರಡು ನೀರು. ಗೊರೂರು ಡ್ಯಾಂನಿಂದ ಕಾಲುವೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲೋ ಹೇಮಾವತಿ ನೀರು ಕಾರ್ಪೊರೇಷನ್‌ನೋರು ಬಿಟ್ಟಾಗ ಬರುತ್ತೆ, ಬಿಡದಿದ್ದಾಗ ಬೋರ್ ನೀರು. ಬೋರ್ ನೀರಿನ ಪುರಾಣ ಈ ಕಡೆಯೋರಿಗೆ ಹೇಳ್ಬೇಕಾಗಿಲ್ಲ, ಬೇಳೆ ನಾಲ್ಕು ವಿಷಲ್ ಕೂಗಿದ್ರೂ ಬೇಯಲ್ಲ, ಸೋಪು ಉಜ್ಜಿದಷ್ಟೂ ಜಿಗುಟೇ ಹೊರತು ನೊರೆ ಬರಲ್ಲ, ಸ್ಟೀಲ್ ಬಿಂದಿಗೆ ತೊಳೆದಿಟ್ಟು ಒಣಗೋದ್ರೊಳಗೆ ಬಿಳಿ ಕಲೆ. ಗೀಸರ್ ಕಾಯಿಲ್ ಒಂದೂವರೆ ವರ್ಷಕ್ಕೆ ಸುಟ್ಟೋಯ್ತು, ಬಿಚ್ಚಿದ್ರೆ ಒಳಗೆ ಮೊಟ್ಟೆ ಸಿಪ್ಪೆ ಥರ ಚಕ್ಕೆ ಚಕ್ಕೆ.

ಆಗಲೇ ನಮ್ಮನೆಯವರು ಆ ಡಬ್ಬ ತಂದಿದ್ದು. ಡೆಮೊಗೆ ಬಂದ ಹುಡುಗ ಎರಡು ಲೋಟ ನೀರಲ್ಲಿ ರಾಡ್ ಇಳಿಸಿ ಕರೆಂಟ್ ಕೊಟ್ಟ, ನಮ್ಮ ಬೋರ್ ನೀರು ಕೆಸರಿನ ಹಾಗೆ ಕಂದು ಬಣ್ಣ ಆಯ್ತು, ಅವನು ತಂದಿದ್ದ ನೀರು ಹಾಗೇ ಇತ್ತು. ನೋಡಿ ನಮಗೆ ಹೊಟ್ಟೆ ತೊಳೆಸಿದ ಹಾಗಾಯ್ತು. ಆಮೇಲೆ ಬಿಎಸ್ಸಿ ಓದೋ ಮಗಳು ನಕ್ಕಳು, ಅಮ್ಮಾ ಆ ರಾಡ್ ಕಬ್ಬಿಣದ್ದು, ಉಪ್ಪಿನಂಶ ಇರೋ ನೀರಲ್ಲಿ ಕರೆಂಟ್ ಹರಿದು ಆ ಕಬ್ಬಿಣವೇ ಕರಗಿ ತುಕ್ಕಾಗಿದೆ, ನೀರಲ್ಲಿದ್ದ ಕೊಳೆ ಅಲ್ಲ ಅದು ಅಂತ. ಅಷ್ಟೊತ್ತಿಗೆ ದುಡ್ಡು ಕೊಟ್ಟಾಗಿತ್ತು.

ಹಾಕ್ಸಿದ್ದು ಸೆಪ್ಟೆಂಬರ್‌ನಲ್ಲಿ. ಹದಿನೈದು ದಿನಕ್ಕೆ ನಾನೇ ಪಕ್ಕದ್ಮನೆ ಅಕ್ಕನಿಗೆ ಹೇಳ್ದೆ, ಅಕ್ಕಾ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗ್ತಿದೆ, ನೊರೆ ಬರ್ತಿದೆ, ನಲ್ಲಿ ಮೇಲೆ ಕಲೆ ಕಮ್ಮಿ ಅಂತ. ಅವರೂ ಹಾಕ್ಸಿದ್ರು. ಫೆಬ್ರವರಿ ಮಾರ್ಚ್ ಬಂತು ನೋಡಿ, ನೊರೆ ಮಾಯ, ಕಲೆ ವಾಪಸ್. ಕಂಪನಿಗೆ ಫೋನ್ ಮಾಡಿದ್ರೆ ಪೈಪಿನ ವೈರ್ ಇನ್ನೊಂದು ಮೀಟರ್ ಮುಂದೆ ಸುತ್ತಬೇಕಿತ್ತು ಮೇಡಂ ಅಂತಾರೆ, ಸುತ್ತಿದ್ರು, ಏನೂ ಆಗ್ಲಿಲ್ಲ. ಇನ್ನೂ ತಮಾಷೆ ಅಂದ್ರೆ ಪಕ್ಕದ್ಮನೆ ಅಕ್ಕನ ಮಗ ಯಾವಾಗಲೋ ಬೈಕ್ ತೊಳೆಯೋ ಪಂಪ್ ಸಿಕ್ಕಿಸೋಕೆ ಡಬ್ಬದ ಪ್ಲಗ್ ಕಿತ್ತವನು ವಾಪಸ್ ಹಾಕೇ ಇರ್ಲಿಲ್ಲ, ಒಂದೂವರೆ ತಿಂಗಳು ಆ ಮನೇಲಿ ಯಾರಿಗೂ ಗೊತ್ತೇ ಆಗಿಲ್ಲ.

ಆಮೇಲೆ ತಲೆಗೆ ಹೋಯ್ತು. ಸೆಪ್ಟೆಂಬರ್‌ನಲ್ಲಿ ಮಳೆ ಚೆನ್ನಾಗಾಗಿ ಕಾಲುವೆ ಹರೀತಿತ್ತು, ಸಂಪಿಗೆ ಬರ್ತಿದ್ದಿದ್ದು ಮುಕ್ಕಾಲು ಪಾಲು ಹೇಮಾವತಿ. ಬೇಸಿಗೆಯಲ್ಲಿ ಪೂರ್ತಿ ಬೋರ್. ಕೆಲಸ ಮಾಡಿದ್ದು ನದಿ, ಹೆಸರು ಡಬ್ಬಕ್ಕೆ!

ಅನುಮಾನ ಬಂದ ಮೇಲೆ ಸುಮ್ನಿರೋಕಾಗುತ್ತಾ, ಗಡಸುತನ, ಅಂದ್ರೆ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ ಮೆಗ್ನೀಸಿಯಂ ಎಷ್ಟು ಅಂತ, ನೋಡೋ ಹನಿ ಕಿಟ್ ತರಿಸಿದ್ವಿ. ಒಂದಿಷ್ಟು ನೀರಿಗೆ ಬಣ್ಣದ ಪುಡಿ ಹಾಕಿ ಹನಿ ಹನಿ ಬಿಡ್ತಾ ಹೋಗೋದು, ಕೆಂಪು ನೀರು ನೀಲಿಗೆ ತಿರುಗಿದಾಗ ಲೆಕ್ಕ ನಿಲ್ಲಿಸೋದು, ಕಾಲೇಜ್ ಲ್ಯಾಬಲ್ಲಿ ಇಡಿಟಿಎ ಟೈಟ್ರೇಶನ್ ಅಂತ ಮಾಡಿಸ್ತಾರಲ್ಲ ಅದೇ. ನಮ್ಮ ಕಿಟ್‌ನಲ್ಲಿ ಒಂದು ಹನಿ ಅಂದ್ರೆ ಲೀಟರ್‌ಗೆ 25 ಮಿಲಿಗ್ರಾಂ ಗಡಸುತನ. ಡಬ್ಬಕ್ಕೆ ಮುಂಚಿನ ನಲ್ಲಿ ನೀರು 26 ಹನಿ, ಡಬ್ಬ ದಾಟಿದ ನೀರು 26 ಹನಿ. ಅಂದ್ರೆ ಲೀಟರ್‌ಗೆ 650. ಕುಡಿಯೋ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ 200 ಇದ್ರೆ ಸರಿ, ಬೇರೆ ನೀರೇ ಸಿಗದಿದ್ರೆ 600ರ ತನಕ ನಡೀಬೋದು ಅಂತಿದೆ, ನಮ್ಮದು ಅದನ್ನೂ ದಾಟಿದೆ.

ಕಂಪನಿಯವರಿಗೆ ಇದನ್ನ ಹೇಳಿದ್ರೆ ಮಾತು ಬದಲಾಯ್ತು. ನಮ್ಮ ಮಷಿನ್ ಕ್ಯಾಲ್ಸಿಯಂ ತೆಗೆಯಲ್ಲ ಮೇಡಂ, ಅದು ಅಂಟದ ಹಾಗೆ ಹರಳಿನ ಆಕಾರ ಬದಲಾಯಿಸುತ್ತೆ ಅಂದ್ರು. ಹಂಗಾದ್ರೆ ಸಾಫ್ಟ್ ಅಂತ ಯಾಕ್ರೀ ಬರೆದ್ರಿ? ಕ್ಯಾಲ್ಸಿಯಂ ನೀರಲ್ಲೇ ಇದ್ರೆ ಸೋಪು ಅದರ ಜೊತೆ ಸೇರಿ ಜಿಗುಟು ಆಗೇ ಆಗುತ್ತೆ, ಬೇಳೆ ಹಠ ಮಾಡೇ ಮಾಡುತ್ತೆ. ಉಳಿಯೋದು ಗೀಸರಿನ ಚಕ್ಕೆ ಒಂದೇ, ಅದಾದ್ರೂ ಕಮ್ಮಿ ಆಗುತ್ತಾ ಅನ್ನೋದು. ಇದರಲ್ಲಿ ನ್ಯಾಯವಾಗಿ ಹೇಳ್ಬೇಕು, ಎರಡೂ ಕಡೆ ಮಾತಿದೆ. ಅಮೆರಿಕದ ಇಂಧನ ಇಲಾಖೆಯೇ 1998ರಲ್ಲಿ ಈ ಮ್ಯಾಗ್ನೆಟ್, ಎಲೆಕ್ಟ್ರಾನಿಕ್ ಉಪಕರಣಗಳ ಬಗ್ಗೆ ಒಳ್ಳೆ ಮಾತು ಬರೆದಿತ್ತು. ಮೂರು ವರ್ಷ ಕಳೆದು 2001ರಲ್ಲಿ ಅಲ್ಲಿನ ಸೇನೆಯ ಇಂಜಿನಿಯರ್‌ಗಳೇ ಎರಡೂ ಬಗೆಯವನ್ನ ಬಿಸಿನೀರಿನ ಪೈಪಿಗೆ ಹಾಕಿ, ಏನೂ ಹಾಕದ ಪೈಪಿನ ಜೊತೆ ಹೋಲಿಸಿ ನೋಡಿದ್ರೆ, ಕಟ್ಟಿದ ಚಕ್ಕೆಯಲ್ಲಿ ಲಾಭ ಏನೂ ಕಾಣ್ಲಿಲ್ಲ. ನಮ್ಮ ಗೀಸರ್ ಕೂಡ ಸೇನೆಯೋರ ಕಡೆಗೇ ಸಾಕ್ಷಿ ಹೇಳ್ತು, ಎರಡನೇ ಕಾಯಿಲ್ ಬಿಚ್ಚಿದಾಗ ಅದೇ ಮೊಟ್ಟೆ ಸಿಪ್ಪೆ.

ಪೈಪಿನ ಮಧ್ಯೆ ಸಣ್ಣ ಮಣಿ ತುಂಬಿದ ಸಿಲಿಂಡರ್ ಕೂರಿಸೋ ಇನ್ನೊಂದು ಬಗೆ ಇದೆ, ಅದನ್ನೂ ಸಾಲ್ಟ್‌ಲೆಸ್ ಅಂತಲೇ ಮಾರ್ತಾರೆ. ಅದು ಚಕ್ಕೆ ತಡೆಯೋದ್ರಲ್ಲಿ ಪರೀಕ್ಷೆಗಳಲ್ಲಿ ಎಷ್ಟೋ ವಾಸಿ ಅನಿಸ್ಕೊಂಡಿದೆ, ಆದ್ರೆ ಅದೂ ಗಡಸುತನ ಇಳಿಸಲ್ಲ, ಸೋಪಿನ ಕಥೆ ಅಷ್ಟೇ.

ಹಾಗಂತ ಉಪ್ಪು ಹಾಕೋ ಸಾಫ್ಟನರ್ ದೇವರೇನಲ್ಲ. ಅದು ಕೆಲಸ ಮಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ, ಒಳಗಿರೋ ರೆಸಿನ್ ಅನ್ನೋ ಸಣ್ಣ ಮಣಿಗಳು ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡ್ಕೊಂಡು ಸೋಡಿಯಂ ಬಿಡುತ್ವೆ, ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೀಬೇಕು. ನಮ್ಮ ಹಾಗೆ 650 ಇರೋ ನೀರನ್ನ ಪೂರ್ತಿ ಮೆದು ಮಾಡಿದ್ರೆ ಲೀಟರ್‌ಗೆ ಸುಮಾರು 300 ಮಿಲಿಗ್ರಾಂ ಸೋಡಿಯಂ ಹೆಚ್ಚಿಗೆ ಸೇರುತ್ತೆ, ನಮ್ಮತ್ತೆಗೆ ಬಿಪಿ, ಅವರಿಗೆ ಆ ನೀರು ಕುಡಿಸೋ ಹಾಗಿಲ್ಲ. ತೊಳೆದ ಉಪ್ಪುನೀರು ಹೋಗೋದು ತೆಂಗಿನ ಬುಡಕ್ಕೆ, ಅದು ಸತ್ರೆ ಅತ್ತೆ ನನ್ನ ಸುಮ್ನೆ ಬಿಡಲ್ಲ. ಇನ್ನೊಂದು, ಪಾಂಪ್ಲೆಟ್‌ನಲ್ಲಿ ಫ್ಲೋರೈಡ್ ಹೋಗುತ್ತೆ ಅಂತಲೂ ಬರೆದಿತ್ತು. ಇದು ಮಾತ್ರ ನಗೋ ವಿಷಯ ಅಲ್ಲ. ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದೋರು, ಮೂಳೆ ಬಗ್ಗಿದೋರು ಎಷ್ಟು ಜನ. ಉಪ್ಪಿನ ಸಾಫ್ಟನರ್ರೇ ಫ್ಲೋರೈಡ್ ತೆಗೆಯಲ್ಲ, ಅದಕ್ಕೆ ಆರ್‌ಓ ಥರದ ಫಿಲ್ಟರ್ ಬೇಕು, ಇನ್ನು ವೈರ್ ಸುತ್ತಿದ್ರೆ ಹೋಗುತ್ತಾ? ಇದನ್ನ ನಂಬಿ ಯಾರಾದ್ರೂ ಶುದ್ಧ ನೀರಿನ ಘಟಕಕ್ಕೆ ಹೋಗೋದು ನಿಲ್ಲಿಸಿದ್ರೆ ಯಾರು ಹೊಣೆ?

ನಾವು ಕೊನೆಗೆ ಮಾಡಿದ್ದು ಇಷ್ಟೇ, ಪ್ಲಂಬರ್ ಕರೆಸಿ ಎರಡು ನೀರನ್ನ ಬೇರೆ ಮಾಡಿಸಿದ್ವಿ. ಹೇಮಾವತಿ ನೀರು ಅಡುಗೆಮನೆಗೆ, ಗೀಸರ್‌ಗೆ. ಬೋರ್ ನೀರು ಟಾಯ್ಲೆಟ್ಟು, ಅಂಗಳ, ಗಾಡಿ ತೊಳೆಯೋಕೆ. ತಾರಸಿ ಮಳೆ ನೀರಿಗೆ ಒಂದು ಡ್ರಮ್ಮು, 1000 ಚದರಡಿ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ರೆ 900 ಲೀಟರ್ ಹತ್ರ ಸಿಗುತ್ತೆ, ಬೇಳೆ ಎರಡೇ ವಿಷಲ್‌ಗೆ ಬೇಯುತ್ತೆ. ಈ ಪೈಪ್ ಕೆಲಸಕ್ಕೆ ಡಬ್ಬಕ್ಕಿಂತ ಕಮ್ಮಿ ಖರ್ಚಾಯ್ತು.

ಸಂಪಾದಕರೇ, ನಿಮ್ಮ ಹತ್ರ ಕೇಳೋದು ಒಂದೇ, ಇಂಥ ಜಾಹೀರಾತು ನಿಮಗೇ ಬಂದಾಗ, ಮಷಿನ್‌ಗೆ ಮುಂಚೆ ಗಡಸುತನ ಎಷ್ಟು, ಆದ್ಮೇಲೆ ಎಷ್ಟು, ಅಂತ ಎರಡು ನಂಬರ್ ಬರೆದುಕೊಡಿ ಅಂತ ಒಂದು ಮಾತು ಕೇಳಿ. ಟಿಡಿಎಸ್ ಪೆನ್ ತೋರಿಸಿದ್ರೆ ಒಪ್ಕೋಬೇಡಿ, ಅದು ತೋರಿಸೋದು ನೀರಲ್ಲಿ ಕರಗಿರೋ ಒಟ್ಟು ಉಪ್ಪಿನಂಶದ ಅಂದಾಜು, ಗಡಸುತನ ಅಳೆಯಲ್ಲ. ಈಗಾಗ್ಲೇ ಹಾಕ್ಸಿರೋರು ಮನೇಲಿ ಯಾರಿಗೂ ಹೇಳದೆ ಒಂದು ತಿಂಗಳು ಪ್ಲಗ್ ಕಿತ್ತಿಟ್ಟು ನೋಡಿ. ನಮ್ಮ ಕಿಟ್‌ನಲ್ಲಿ ಇನ್ನೂ ಅರ್ಧ ಬಾಟ್ಲಿ ಹನಿ ಉಳಿದಿದೆ, ಬೀದಿಯೋರು ದಿನಾ ಒಬ್ಬೊಬ್ರು ಲೋಟದಲ್ಲಿ ನೀರು ಹಿಡ್ಕೊಂಡು ಬರ್ತಿದ್ದಾರೆ, ನಿನ್ನೆ ಒಬ್ರದ್ದು 31 ಹನಿ ಆಯ್ತು.

ಇಂತಿ,
ತುಮಕೂರಿನ ಓದುಗಳು