ಮಧ್ಯಾಹ್ನವೂ ಉದ್ಯಾನ ತೆರೆದಿರಲಿ

ಮಾನ್ಯ ಸಂಪಾದಕರೆ,

ಬೆಳಗಾವಿಯ ನಮ್ಮ ಬಡಾವಣೆಯ ಉದ್ಯಾನಕ್ಕೆ ಬೆಳಿಗ್ಗೆ 9ಕ್ಕೆ ಬೀಗ ಬಿದ್ದರೆ ಮತ್ತೆ ತೆರೆಯುವುದು ಸಂಜೆ 5ಕ್ಕೇ. ಪಾಳಿ ಕೆಲಸದವರಿಗೆ ಇದರಿಂದ ತೊಂದರೆಯಾಗಿದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವ ನನ್ನಂಥವರಿಗೆ ಈ ವಾರ ರಾತ್ರಿ ಪಾಳಿ, ಮುಂದಿನ ವಾರ ಹಗಲು. ರೊಟ್ಟಿ ತಿನ್ನುವ ಹೊತ್ತಿಗೆ ನಿದ್ದೆ, ಮಲಗುವ ಹೊತ್ತಿಗೆ ಕಣ್ಣು ಪಿಳಿಪಿಳಿ.

ಮೈಯೊಳಗೂ ಒಂದು ಗಡಿಯಾರ ಇದೆ. ಅದರ ಗುಟ್ಟು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಕೂಡ ಬಂತು. ಅದಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಬೆಳಕು. ಆದರೆ ವ್ಯಾಯಾಮವೂ ಅದರ ಮುಳ್ಳನ್ನು ಸರಿಸುತ್ತದೆ. ಬೆಳಿಗ್ಗೆ 7ರ ಸುಮಾರಿಗೆ ಇಲ್ಲವೇ ಮಧ್ಯಾಹ್ನ 1ರಿಂದ 4ರೊಳಗೆ ಬಿರುಸಾಗಿ ನಡೆದರೆ ಗಡಿಯಾರ ಮುಂದಕ್ಕೆ ಸರಿಯುತ್ತದೆ, ರಾತ್ರಿ ಬೇಗ ನಿದ್ದೆ ಬರುತ್ತದೆ. ಸಂಜೆ 7ರಿಂದ 10ರ ನಡುವೆ ಮಾಡಿದರೆ ಅದು ಹಿಂದಕ್ಕೆ ಹೋಗುತ್ತದೆ. (ತಿಂಗಳುಗಟ್ಟಲೆ ರಾತ್ರಿಯೇ ದುಡಿದು ಹಗಲು ರಾತ್ರಿ ಅದಲುಬದಲಾದವರ ಲೆಕ್ಕ ಬೇರೆ.) ಹಗಲು ಪಾಳಿಗೆ ಮರಳುವವನಿಗೆ ಬೇಕಾದದ್ದು ಮೊದಲನೆಯದೇ ಅಲ್ವಾ? ಬೆಳಿಗ್ಗೆ ಆಗದು, ಆಗಷ್ಟೇ ಮನೆಗೆ ಬಂದು ಮಲಗಿರುತ್ತೇವೆ. ಎದ್ದಾಗ ಗಂಟೆ 2. ಆಗ ಗೇಟಿಗೆ ಬೀಗ! ಲಾರಿಗಳ ನಡುವೆ ರಸ್ತೆಯಲ್ಲಿ ನಡೆಯುವುದು ಸುಮ್ನೆ ಅಪಾಯ.

ಎಲ್ಲ ಉದ್ಯಾನಗಳೂ ಬೇಡ. ಕಾರ್ಖಾನೆಗಳ ಆಸುಪಾಸಿನ, ನೆರಳು ಜಾಸ್ತಿ ಇರುವ ಒಂದೆರಡನ್ನಾದರೂ ಮಧ್ಯಾಹ್ನ 1ರಿಂದ 4ರವರೆಗೆ ತೆರೆದಿಡಲು ಸಂಬಂಧಪಟ್ಟವರು ಏರ್ಪಾಡು ಮಾಡಲಿ. ಕುಡಿಯುವ ನೀರಿನ ನಲ್ಲಿಯೂ ಇದ್ದರೆ ಒಳ್ಳೆಯದು.

– ಒಬ್ಬ ಪಾಳಿ ಕಾರ್ಮಿಕ, ಬೆಳಗಾವಿ